ಶ್ರೀ ವೈ ಏಕೆ ಬಾಯಿ ಬಿಡಲಿಲ್ಲ? (ಹತ್ತು ಅಂಕ)

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಅರ್ಧಕ್ಕೆ ನಿಂತು, ಒಳಗೆಲ್ಲ ಹುಲ್ಲು ಬೆಳೆದು, ಮೇಕೆಗಳು ಸಂಸಾರ ಹೂಡಿರುವ ಆ ಶಿಶುವಿಹಾರದಿಂದ ಶುರು ಮಾಡಿ ನೋಡಿದೆ. ಎರಡು ಪುಟ ಆಗುವಷ್ಟರಲ್ಲಿ ಮೇಕೆಗಳೇ ಕಥಾನಾಯಕರಾಗಿ ಕೂತಿದ್ದವು. ಹರಿದು ಹಾಕಿದೆ. ಆಮೇಲೆ ವ್ಯಾಖ್ಯಾನದಿಂದ ಶುರು ಮಾಡಿದೆ: "ವೆಚ್ಚಾಧಾರಿತ ಸಹಯೋಗಿ ವಿನ್ಯಾಸವೆಂದರೆ..." ನನಗೇ ಆಕಳಿಕೆ ಬಂತು. ನೀವಂತೂ ಎದ್ದು ಕಾಫಿ ಕಾಸಲು ಹೋಗಿರುತ್ತಿದ್ದಿರಿ.

ಹೋಗಲಿ, ಯಾರೋ ಬಾಗಿಲು ಬಡಿದರು ಅಂತ ಶುರುವಾಗಲಿ. (ಸವಕಲು ಉಪಾಯ, ಗೊತ್ತು. ಇದಕ್ಕಿಂತ ಒಳ್ಳೆಯದು ತೋಚಿದ್ದರೆ ಅದನ್ನೇ ಬರೆಯುತ್ತಿರಲಿಲ್ಲವೇ?)

1

ನಾನು ಸಮುದ್ರ ದಾಟಿ ಬಂದು ನೆಲೆಸಿರುವ ಕುಮಾಸಿಯ ಒಂದು ತಾಂತ್ರಿಕ ಕಾಲೇಜು. ಕಟ್ಟಡ ನಿರ್ಮಾಣ ವಿಭಾಗದಲ್ಲಿ ಪೊಕುವಾ ಮೇಡಂ ಕೋಣೆ. ಹರ್ಮಟಾನ್ ಗಾಳಿಯ ಕಾಲವಾದ್ದರಿಂದ ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಧೂಳು ಆಗಲೇ ಮತ್ತೆ ಬಂದು ಕೂತಿತ್ತು. ಅವಳು ತರಗತಿಗೆ ಹೊರಡುವ ಅವಸರದಲ್ಲಿದ್ದಳು. ಬಾಗಿಲು ತೆರೆದರೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಹಿರಿಯರೊಬ್ಬರು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು.

(ಈಗ ಕಥೆ ಓಡಬೇಕು. ಓಡುವುದಿಲ್ಲ. ಈ ಊರಲ್ಲಿ ಬಂದವರನ್ನು ಮೊದಲು ಕೂರಿಸಬೇಕು, ನೀರು ಕೊಡಬೇಕು, ಕುಡಿದು ಮುಗಿಸುವ ತನಕ ಕಾಯಬೇಕು, ಆಮೇಲೇ ಬಂದ ಕಾರಣ ಕೇಳಬೇಕು. ಇಷ್ಟು ವರ್ಷ ಇಲ್ಲಿದ್ದೇನೆ. ಈ ಒಂದು ಲೋಟ ನೀರು ನನ್ನ ಎಷ್ಟು ಕಥೆಗಳ ಓಟ ಕೆಡಿಸಿದೆಯೋ ದೇವರಿಗೇ ಗೊತ್ತು.)

ಹಿರಿಯರು ಕೊನೆಯ ಗುಟುಕಿನ ತನಕ ನಿಧಾನವಾಗಿ ಕುಡಿದರು. ಪೊಕುವಾ ಕದ್ದು ಗಡಿಯಾರ ನೋಡಿದಳು.

"ಬಂದ ವಿಷಯ ಹೇಳಿ, ವೋಫಾ." ಸೋದರಮಾವನ ವಯಸ್ಸಿನವರನ್ನು ಹಾಗೇ ಕರೆಯಬೇಕು.

"ನಾನು ಶ್ರೀ ವೈ" ಅಂದರು ಅವರು.

"ಏನಂದ್ರಿ?"

"ನಿಮ್ಮ ಪಾಠದಲ್ಲಿದಾನಲ್ಲ, ಬಾಯಿ ಬಿಡದ ದಡ್ಡ ಕಾಂಟ್ರಾಕ್ಟರ್, ಅವನೇ. ಅಪ್ಪ ಅಮ್ಮ ಇಟ್ಟ ಹೆಸರು ಬರಿಮಾ. ಅದನ್ನೀಗ ಯಾರೂ ಕರೆಯಲ್ಲ ಬಿಡಿ."

2

ಇಲ್ಲಿ ಸ್ವಲ್ಪ ನಿಲ್ಲಿಸಿ ವಿವರಿಸಲೇಬೇಕು. ಬೈಯಬೇಡಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮವರು ಒಂದೇ ಉಸಿರಿಗೆ ಹೇಳಿ ಮುಗಿಸಿದ್ದನ್ನು ಪೊಕುವಾ ಒಂದು ಇಡೀ ಸೆಮಿಸ್ಟರ್ ಕಲಿಸುತ್ತಾಳೆ. ತಮಾಷೆಯಲ್ಲ, ಕಷ್ಟದ ವಿದ್ಯೆ. ನಕ್ಷೆ ಬರೆದಾದ ಮೇಲೆ ಖರ್ಚು ಲೆಕ್ಕ ಹಾಕಿ ಎದೆ ಒಡೆದುಕೊಳ್ಳುವುದಲ್ಲ. ಇರುವ ದುಡ್ಡು ಇಷ್ಟೇ ಅಂತ ಮೊದಲೇ ಗೆರೆ ಎಳೆದು, ಕಟ್ಟಿಸುವವರು, ನಕ್ಷೆ ಬರೆಯುವವರು, ಕಟ್ಟುವವರು ಎಲ್ಲರೂ ಒಂದೇ ಮೇಜಿನ ಸುತ್ತ ಕೂತು, ಆ ಗೆರೆಯೊಳಗೇ ಕಟ್ಟಡವನ್ನು ರೂಪಿಸಬೇಕು. ಎಲ್ಲರೂ ಬಾಯಿ ಬಿಟ್ಟು ಮಾತಾಡಿದರೆ ಮಾತ್ರ ಇದು ನಡೆಯುತ್ತದೆ. ಪುಸ್ತಕಗಳಲ್ಲಿ ಪಾಠಕ್ಕೆಂದು ಕೊಟ್ಟ ಪ್ರಕರಣಗಳೆಲ್ಲ ಹಿಮ ಬೀಳುವ ದೇಶದ ಆಸ್ಪತ್ರೆಗಳು. ಹುಡುಗರು ಕುಮಾಸಿಯ ಸೆಖೆಯಲ್ಲಿ ಬೆವರು ಒರೆಸಿಕೊಳ್ಳುತ್ತ, ಕೋಣೆ ಬೆಚ್ಚಗಿಡುವ ಕೊಳವೆಗಳ ಖರ್ಚು ಇಳಿಸುವುದು ಹೇಗೆ ಅಂತ ಬರೆಯುತ್ತಿದ್ದರು. ರೋಸಿಹೋಗಿ ಪೊಕುವಾ ತಾನೇ ಈ ಸೀಮೆಯ ಒಂದು ನಿಜ ಪ್ರಕರಣ ಬರೆದಳು.

ಸಂತೆಯ ಹೆಂಗಸರ ಸಂಘ ತಮ್ಮ ಮಕ್ಕಳಿಗೊಂದು ಶಿಶುವಿಹಾರ ಕಟ್ಟಿಸಲು ಹೊರಟಿತು. ಸಂಘದ ಯಜಮಾನಿ ಟೊಮೆಟೊ ರಾಣಿ. (ಇಲ್ಲಿನ ಸಂತೆಯಲ್ಲಿ ಒಂದೊಂದು ಸರಕಿಗೂ ಒಬ್ಬ ರಾಣಿ, ಅವಳ ಮಾತು ಮೀರಿದವರು ಬುಟ್ಟಿ ಎತ್ತಬೇಕು.) ಎಲ್ಲರೂ ಮೇಜಿನ ಸುತ್ತ ಕೂತರು. ಎಳೆಯ ಆರ್ಕಿಟೆಕ್ಟ್ ಒಬ್ಬ ಅಲೆ ಅಲೆಯಾದ ಛಾವಣಿ ಬರೆದು ತೋರಿಸಿದ. ರಾಣಿಗೆ ಕಣ್ಣು ತುಂಬಿ ಬಂತು. ಇರುವ ದುಡ್ಡಿಗೆ ಆ ಛಾವಣಿ ಏರುವುದಿಲ್ಲ ಅಂತ ಗೊತ್ತಿದ್ದೂ ಕಾಂಟ್ರಾಕ್ಟರ್ ಶ್ರೀ ವೈ ಸುಮ್ಮನೆ ಕೂತಿದ್ದರು. ಗೋಡೆ ಕಿಟಕಿಯ ತಲೆಮಟ್ಟ ಮುಟ್ಟುವಷ್ಟರಲ್ಲಿ ದುಡ್ಡು ಮುಗಿಯಿತು. ಮೂರನೇ ಪ್ರಶ್ನೆ: ಶ್ರೀ ವೈ ಏಕೆ ಬಾಯಿ ಬಿಡಲಿಲ್ಲ?

ವರ್ಷವರ್ಷವೂ ಹುಡುಗರು ಉತ್ತರ ಬರೆದರು. ದುರಾಸೆ. ಅಜ್ಞಾನ. ಆಮೇಲೆ ಹೆಚ್ಚುವರಿ ಬಿಲ್ ಹಾಕುವ ಸಂಚು. "ಆ ಹೊತ್ತಿಗೆ ಅವರು ನಿದ್ದೆ ಮಾಡುತ್ತಿದ್ದಿರಬಹುದು" ಅಂತ ಬರೆದ ಒಬ್ಬನಿಗೆ ಐದು ಅಂಕವೂ ಬಿತ್ತು.

ಹೆಸರು ಬದಲಿಸಿದ್ದಳು, ಊರು ಬದಲಿಸಿದ್ದಳು. ಆದರೆ ಬರಿಮಾ ಅವರ ಪಿಕಪ್ ಗಾಡಿಯ ಹಿಂದೆ ಬರೆಸಿದ್ದ "ನೋಡೋರಿಗೇ ಹೊಟ್ಟೆನೋವು" ಅನ್ನುವ ಸಾಲನ್ನು ಹಾಗೇ ಬಿಟ್ಟಳು! ಈ ಊರಲ್ಲಿ ಮನುಷ್ಯನ ಹೆಸರು ಮರೆತರೂ ಅವನ ಗಾಡಿಯ ಸಾಲು ಯಾರೂ ಮರೆಯುವುದಿಲ್ಲ. ಓದಲು ಸ್ವಾರಸ್ಯವಾಗಿರಲಿ ಅಂತ ಉಳಿಸಿಕೊಂಡಳಂತೆ. ಸ್ವಾರಸ್ಯವಂತೆ, ಸ್ವಾರಸ್ಯ!

3

"ನಿಮ್ಮ ಶಿಷ್ಯರೆಲ್ಲ ಈಗ ಟೆಂಡರ್ ಕಮಿಟಿಗಳಲ್ಲಿ ಕೂತಿದಾರೆ" ಅಂದರು ಬರಿಮಾ. "ಹೋದ ವಾರ ಒಂದು ಶಾಲೆ ಊಟದ ಮನೆಗೆ ಟೆಂಡರ್ ಹಾಕಿದ್ದೆ. ಮೀಸೆ ಸರಿಯಾಗಿ ಬಂದಿಲ್ಲ, ಒಬ್ಬ ಕೇಳ್ತಾನೆ, 'ವೋಫಾ, ದುಡ್ಡು ಸಾಲದೆ ಹೋದ್ರೆ ಈ ಸಲನಾದ್ರೂ ಹೇಳ್ತೀರಾ, ಇಲ್ಲ ನಿದ್ದೆ ಮಾಡ್ತೀರಾ?' ಎಲ್ಲ ಬಿದ್ದು ಬಿದ್ದು ನಕ್ರು. ಕೆಲಸ ಇನ್ಯಾರಿಗೋ ಹೋಯ್ತು. ನನ್ನ ಮೇಸ್ತ್ರಿಗಳು ಬೇರೆ ಕಡೆ ದಾರಿ ನೋಡ್ಕೋತಿದಾರೆ."

"ಆದ್ರೆ ವೋಫಾ, ಸಭೇಲಿ ನೀವು ಸುಮ್ನೆ ಕೂತಿದ್ದು ನಿಜ ತಾನೆ?"

"ನಿಜ! ಅಷ್ಟು ಹೆಂಗಸರ ಎದುರಿಗೆ ರಾಣೀನ ನೋಡಿ 'ತಾಯಿ, ನಿನ್ನ ಗಂಟು ಸಾಲದು' ಅನ್ಲಾ? ನಿಮ್ಮಮ್ಮಂಗೆ ಯಾರಾದ್ರೂ ಸಂತೇಲಿ ಹಾಗಂದ್ರೆ ಅವನ ಕೆನ್ನೆ ಊದಿಸಲ್ವಾ ನೀವು? ಮಾರನೇ ದಿನ ಕೋಳಿ ಕೂಗೋ ಹೊತ್ತಿಗೆ ಅವರ ಮನೆಗೆ ಹೋದೆ. ದೊಡ್ಡೋರಿಗೆ ಕಹಿ ಮಾತು ಹೇಳೋ ರೀತಿ ಅದೇ ಅಲ್ವಾ? ಅಲೆ ಬೇಡ, ನೆಟ್ಟಗೆ ತಗಡು ಹೊದಿಸೋಣ ಅಂತ ಬಿಡಿಸಿ ಬಿಡಿಸಿ ಹೇಳಿದೆ. 'ಕೇಳಿಸ್ಕೊಂಡೆ' ಅಂದ್ರು. 'ನೀನು ಶುರು ಮಾಡು, ದೇವರು ಕೊಡ್ತಾನೆ' ಅಂದ್ರು. ದೇವರು ಕಿಟಕಿ ತನಕ ಕೊಟ್ಟ."

ಪೊಕುವಾ ಕುರ್ಚಿಗೆ ಒರಗಿದಳು. "ಇದನ್ನ ಯಾಕೆ ಯಾರೂ ನನಗೆ ಹೇಳ್ಲಿಲ್ಲ?"

"ನೀವು ಕೇಳ್ಕೊಂಡು ಬಂದ್ರಾ?"

ಪೊಕುವಾ ಮೇಜಿನ ಮೇಲಿನ ಧೂಳನ್ನು ಬೆರಳಲ್ಲಿ ಒರೆಸಿದಳು.

"ಅದನ್ನ ಸೇರಿಸಿ ಮೇಡಂ. ಶ್ರೀ ವೈ ಹೋಗಿ ಹೇಳಿದ ಅಂತ ಒಂದು ಅಂತ್ಯ ಬರೀರಿ."

"ಪ್ರಕರಣಕ್ಕೆ ಅಂತ್ಯ ಬರೆಯೋ ಹಾಗಿಲ್ಲ ವೋಫಾ. ಕತ್ತಿನ ಮೇಲೆ ಕತ್ತಿ ತೂಗೋ ಕಡೆ ನಿಲ್ಲಿಸ್ಬೇಕು. ಮುಂದಿಂದು ಹುಡುಗರು ಯೋಚಿಸ್ಬೇಕು. ಅದೇ ಪದ್ಧತಿ."

"ಅವರು ಯೋಚಿಸೋಷ್ಟರಲ್ಲಿ ನನ್ನ ಅಂಗಡಿ ಮುಚ್ಚೋಗ್ತಿದೆಯಲ್ಲ!"

ಇನ್ನೂ ಒಂದು ವಿಷಯ ಅವಳ ಗಂಟಲಲ್ಲೇ ಉಳಿಯಿತು. ಅವಳಿಗೆ ವಿದ್ಯೆ ಕಲಿಸಿ, ಈ ಕೆಲಸ ಕೊಡಿಸಿದ ಪ್ರೊಫೆಸರ್ ಟ್ವುಮಾಸಿ ಆ ಪ್ರಕರಣವನ್ನು ದೇಶದ ಎಲ್ಲ ಕಾಲೇಜುಗಳ ಪಠ್ಯಪುಸ್ತಕಕ್ಕೆ ಸೇರಿಸಿದ್ದರು. ಪುಸ್ತಕ ಇವತ್ತು ಸಂಜೆ ಅಚ್ಚಿಗೆ ಹೋಗುವುದಿತ್ತು.

4

ಮೊದಲ ಕರಡಿನಲ್ಲಿ ಬರಿಮಾ ತರಗತಿಗೆ ಹೋಗಿ ಅಮೋಘವಾದ ಭಾಷಣ ಮಾಡಿದರು. ಹುಡುಗರು ಚಪ್ಪಾಳೆ ತಟ್ಟಿದರು, ಒಂದಿಬ್ಬರು ಅತ್ತರು. ಬರಿಮಾ ಅದನ್ನು ಓದಿ ನನಗೆ ಉಗಿದರು. "ನಾನು ಯಾವತ್ತು ಭಾಷಣ ಮಾಡಿದೀನಿ? ತೆಗೀರಿ ಆ ಕಸಾನ."

ತೆಗೆದೆ. ನಡೆದದ್ದು ಇಷ್ಟೇ. ಪೊಕುವಾ ಅವರನ್ನು ಕರೆದುಕೊಂಡು ಹೋಗಿ ಮುಂದಿನ ಬೆಂಚಿನಲ್ಲಿ ಕೂರಿಸಿದಳು. "ಇವರೇ ಶ್ರೀ ವೈ. ಮೂರನೇ ಪ್ರಶ್ನೆಗೆ ನೀವು ಬರೆದ ಉತ್ತರಾನ ಇವರ ಮುಖ ನೋಡಿ ಹೇಳಿ" ಅಂದಳು.

ದಿನಾ ವಾದ ಮಾಡಿ ಅವಳ ತಲೆ ತಿನ್ನುತ್ತಿದ್ದ ಹುಡುಗಿ ಉಗುರು ನೋಡಿಕೊಂಡಳು. ದುರಾಸೆ ಅಂತ ಬರೆದವನು ಚೀಲದಲ್ಲಿ ಏನನ್ನೋ ಹುಡುಕತೊಡಗಿದ. ಹಿರಿಯರನ್ನು ಕೂರಿಸಿ ಅವರ ತಪ್ಪು ಎತ್ತಿ ಆಡಲು ಆ ಹುಡುಗರೇನು ಬೀದಿಯಲ್ಲಿ ಬೆಳೆದವರೇ?

"ಯಾಕ್ರಪ್ಪಾ ಎಲ್ಲ ಸುಮ್ನೆ ಇದೀರಿ?" ಬರಿಮಾ ಹಿಂದೆ ತಿರುಗಿ ಕೇಳಿದರು. "ದುರಾಸೆನಾ? ನಿದ್ದೆನಾ?"

ಪೊಕುವಾಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಇಷ್ಟು ವರ್ಷ ಕಲಿಸಿ ಸಿಗದ ಉತ್ತರ ಕಣ್ಣೆದುರಿಗೆ ಸಾಲಾಗಿ ಬಾಯಿ ಮುಚ್ಚಿಕೊಂಡು ಕೂತಿತ್ತು. ಅವಳಿಗೆ ನಾಚಿಕೆಯಾಯಿತು.

ಆಗಲೇ ಪ್ರೊಫೆಸರ್ ಟ್ವುಮಾಸಿ ಒಳಗೆ ಬಂದರು. ಎಲ್ಲರೂ ಎದ್ದು ನಿಂತರು. ಬೆಂಚಿನಲ್ಲಿ ಕೂತಿದ್ದವರು ಯಾರೆಂದು ಅವರಿಗೆ ಗೊತ್ತಿಲ್ಲ. ಪಾಪ, ಸಂತೋಷ ಹಂಚಿಕೊಳ್ಳಲು ಬಂದಿದ್ದರು.

"ಮಕ್ಕಳೇ, ನಿಮ್ಮ ಮೇಡಂ ಬರೆದ ಈ ಪ್ರಕರಣ ಇನ್ಮೇಲೆ ಇಡೀ ದೇಶ ಓದುತ್ತೆ. ಸಂಜೆ ಅಚ್ಚಿಗೆ ಹೋಗ್ತಿದೆ. ಪೊಕುವಾ, ಒಂದಕ್ಷರ ಬದಲಾಯಿಸೋದು ಬೇಡ ಅಲ್ವಾ?"

5

ಈಗ ಅಂತ್ಯ.

(ಅ) ಅವಳು ಅಲ್ಲೇ "ಬೇಕು ಪ್ರೊಫ್, ಪ್ರಕರಣ ತಪ್ಪು" ಅನ್ನುತ್ತಾಳೆ. ನನಗೆ ಇಷ್ಟವಾಯಿತು, ನಿಮಗೂ ಆಗುತ್ತದೆ. ಪೊಕುವಾಗೆ ಸಿಟ್ಟು ಬಂತು. "ನನಗೆ ಅನ್ನ ಕೊಟ್ಟವರ ಮರ್ಯಾದೇನ ಅವರ ಶಿಷ್ಯರ ಮುಂದೆ ತೆಗೀಲಾ? ಹೇಳೋದು ನಿಮಗೆ ಸಲೀಸು."

(ಆ) ನಾಳೆ ನಸುಕಿನಲ್ಲಿ ಪ್ರೊಫೆಸರ ಮನೆಗೆ ಹೋಗಿ ಹೇಳುತ್ತಾಳೆ. ಈಗ ಬರಿಮಾ ಎದ್ದರು. "ಸಂಜೆಗೇ ಅಚ್ಚಾಗೋಗಿರುತ್ತಲ್ಲ! ನೀವೇ ತಾನೆ ಬರೆದಿದ್ದು? ಅದನ್ನ ಮುಂದಿನ ವಾರ ಅಂತ ಮಾಡಿ, ನಿಮ್ಮ ಗಂಟೇನು ಹೋಗುತ್ತೆ?" ಹಾಗೆ ಮಾಡಿದರೆ ಕಥೆಯ ಬಿಗಿ ಸಡಿಲವಾಗುತ್ತದೆ ಅಂದೆ. "ನಿಮ್ಮ ಬಿಗಿಗೆ ನನ್ನ ಕುತ್ತಿಗೇನೇ ಬೇಕಿತ್ತಾ?" ಅಂದರು. ಅದನ್ನೂ ಬಿಟ್ಟೆ.

(ಇ) ಸಾಕಾಯಿತು ನನಗೆ. ತಲೆ ಚಿಟ್ಟು ಹಿಡಿದು ಒಂದೇ ಸಾಲು ಬರೆದೆ: ಪೊಕುವಾ ಬಾಯಿ ಬಿಡಲಿಲ್ಲ.

"ಅಳಿಸಿ ಅದನ್ನ" ಅಂದಳು ಪೊಕುವಾ.

"ಯಾಕೆ? ನೀನು ಸುಮ್ಮನೆ ನಿಂತಿದ್ದೀಯಲ್ಲ."

"ಪ್ರೊಫ್ ಕೇಳಿ ನಾನಿನ್ನೂ ಉಸಿರೆಳೆದುಕೊಂಡಿಲ್ಲ, ಅಷ್ಟರಲ್ಲೇ ನನ್ನ ಕಥೆ ಮುಗಿಸ್ತೀರಾ? ನಾಳೆ ಇದನ್ನ ಓದಿದೋರು ನನ್ನ ನೋಡಿ ನಗಬೇಕಾ? ಅಳಿಸಿ ಅಂದೆ."

ಅಳಿಸಿದೆ. ಅವಳು ಭುಜದ ಮೇಲಿನ ಸೆರಗನ್ನು ಸುಮ್ಮನೆ ಒಮ್ಮೆ ಸರಿಪಡಿಸಿಕೊಂಡು... (ಸೆರಗು ಎಲ್ಲಿಂದ ಬಂತು? ಎಷ್ಟು ವರ್ಷವಾದರೂ ನನ್ನ ಕೈಯ ಚಾಳಿ ಹೋಗುವುದಿಲ್ಲ. ಹೊಡೆದು ಹಾಕಿದೆ.) ಅವಳು ಬೆಂಚಿನ ಕಡೆ ನೋಡಲಿಲ್ಲ. ಪ್ರೊಫೆಸರ ಕಡೆ ಎರಡು ಹೆಜ್ಜೆ ಇಟ್ಟು, ಅವರಿಗೆ ಮಾತ್ರ ಕೇಳಿಸುವ ಹಾಗೆ "ಪ್ರೊಫ್" ಅಂದಳು.

ಇದರ ಮುಂದೆ ನಾನು ಏನು ಬರೆದರೂ ಅವಳ ಬಾಯಿಗೆ ನನ್ನ ಮಾತು ತುರುಕಿದ ಹಾಗೆ. ಬರೆಯುವುದಿಲ್ಲ, ಏನು ಬೇಕಾದರೂ ಅಂದುಕೊಳ್ಳಿ. ಪ್ರೊಫೆಸರ್ ಅಂದದ್ದನ್ನಷ್ಟೇ ಹೇಳುತ್ತೇನೆ, ಅದನ್ನು ಎಲ್ಲರೂ ಕೇಳಿಸಿಕೊಂಡಿದ್ದಾರೆ.

"ಪಿಸುಗುಡ್ತೀಯಲ್ಲಮ್ಮಾ" ಅಂದರು ಅವರು ನಗುತ್ತ. "ಎಲ್ಲರಿಗೂ ಕೇಳಿಸೋ ಹಾಗೆ ಹೇಳು."