ಒಂದೇ ಕೂಗು

ಫ್ಯಾನ್ ತಿರುಗಿತು, ಹಸಿರು ದೀಪ ಹತ್ತಿತು, ಈಗ ಕೇಳುತ್ತಿರುತ್ತದೆ — ಕಂಪ್ಯೂಟರು ಎಚ್ಚರವಾದ ತಕ್ಷಣ ಮಾಡುವ ಕೆಲಸವೇ ಅದು, ಕಾರ್ಡು ಸಿಕ್ಕಿಸುವ ಒಂದೊಂದು ಸ್ಲಾಟಿನ ಹತ್ತಿರವೂ ಹೋಗಿ ಯಾರಿದ್ದೀರಿ ಎಂದು ಕೇಳುವುದು, ಕಾರ್ಡು ಇದ್ದರೆ ತನ್ನ ನಂಬರು ಹೇಳಬೇಕು, ನನಗೆ ಇಷ್ಟು ಜಾಗ ಬೇಕು ಎನ್ನಬೇಕು, ಆಗ ಅದಕ್ಕೊಂದು ವಿಳಾಸ ಸಿಗುತ್ತದೆ, ಉತ್ತರ ಬರದಿದ್ದರೆ ಸ್ಲಾಟು ಖಾಲಿ ಎಂದುಕೊಂಡು ಮುಂದಕ್ಕೆ — ಈಗಲೂ ಖಾಲಿ ಅಂತಲೇ ತೋರಿಸುತ್ತಿದೆ, ಕಾರ್ಡು ಕಣ್ಣೆದುರೇ ಕೂತಿದೆ, ಕಳಚಿ, ಅಂಚು ಒರೆಸಿ, ಮತ್ತೆ ಹಾಕಿದ್ದೇನೆ, ಆದರೂ ಖಾಲಿಯಂತೆ. ಏನ್ ಗುರು, ಬರ್ಲಿಲ್ವಾ, ಅನಂತರಾಜು ಬೆನ್ನ ಹಿಂದೆಯೇ ನಿಂತಿದ್ದಾನೆ, ಯಲಹಂಕದ ಈ ಶೆಡ್ಡೂ ಬಾಗಿಲು ಕೆತ್ತುವ ಈ ಯಂತ್ರವೂ ಅವನದು, ರಿಪೇರಿಗೆ ನನ್ನನ್ನು ಕರೆಸಿದ್ದಾನೆ, ಆ ಕಾರ್ಡು ಸಿಗದೆ ಯಂತ್ರ ಅಲುಗಾಡುವುದಿಲ್ಲ, ಅರ್ಧ ಕೆತ್ತಿದ ನವಿಲು ಹಾಗೇ ಬಿದ್ದಿದೆ — ತಡಿಯಪ್ಪ, ಎಂದೆ, ಮನಸ್ಸು ಇಲ್ಲಿದ್ದರೆ ತಾನೆ, ಅದು ಬ್ಯಾಟರಾಯನಪುರದ ನಮ್ಮ ಮನೆಯ ಗೇಟಿನಲ್ಲಿದೆ, ಬೆಳಗ್ಗೆಯಿಂದ ಅಲ್ಲೇ ಇದೆ, ಹೆಂಡತಿ ಧನಲಕ್ಷ್ಮಿಯ ಎಡಗಾಲು ಹೊರಗೆ, ಬಲಗಾಲು ಇನ್ನೂ ಒಳಗೆ, ರೀ, ನಾನ್ ಬಾಗಲೂರಿಗೆ ಅಮ್ಮನ ಮನೆಗ್ ಹೊರಟೆ.

ಒಂದೇ ಸಲ ಕೂಗಿದಳು, ಮದುವೆಯಾದಾಗಿನಿಂದ ಮೂರು ಸಲ ಕೂಗುತ್ತಿದ್ದವಳು — ಮೊದಲ ಕೂಗಿಗೆ ನಾನು ಓಗೊಡುವವನಲ್ಲ, ಅದು ನನ್ನಜ್ಜಿ ಸುಬ್ಬಮ್ಮ ಅಂಟಿಸಿದ ಅಭ್ಯಾಸ, ಒತ್ತು ಮುಳುಗಿದ್ ಮೇಲೆ ಯಾರ್ ಕೂಗಿದ್ರೂ ಒಂದೇ ಸಲಕ್ಕೆ ಓ ಅನ್ಬ್ಯಾಡ ಕಣ್ಲಾ ಮುನೀಂದ್ರ, ದೆವ್ವ ಒಂದೇ ಸಲ ಕೂಗೋದು, ಮನುಸ್ರಾದ್ರೆ ಇನ್ನೊಂದ್ ಸಲ ಕೂಗ್ತಾರೆ — ಅಜ್ಜಿ ಹೋದಳು, ಅಭ್ಯಾಸ ಹಗಲಿಗೂ ಹಬ್ಬಿತು, ಧನ ನಗುತ್ತಿದ್ದಳು, ನಾನೇನ್ ದೆವ್ವಾನಾ ರೀ, ಅಂದು ಮತ್ತೆ ಕೂಗುತ್ತಿದ್ದಳು, ನಾನೂ ಆರಾಮಾಗಿ ಕಾಯುತ್ತಿದ್ದೆ, ಎಂಥ ಸೋಮಾರಿ ಸುಖ ಅದು. ನಿನ್ನೆಯೂ ಕೇಳಿದಳು, ಅಮ್ಮ ಕಾಲ್ ಮುರ್ಕೊಂಡವ್ಳೆ, ಇಲ್ಲಿಗೇ ಕರ್ಕೊಂಡ್ ಬರ್ಲಾ, ನಾನು ಟಿವಿ ನೋಡುತ್ತಿದ್ದೆ, ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ, ಮತ್ತೆ ಕೇಳುತ್ತಾಳಲ್ಲ ಎಂದುಕೊಂಡೆ — ಕೇಳಲಿಲ್ಲ, ಬೀರುವಿನಲ್ಲಿದ್ದ ಸೀರೆಗಳನ್ನೆಲ್ಲ ಬ್ಯಾಗಿಗೆ ತುಂಬಿದಳು, ಎಲ್ಲವನ್ನೂ, ಅದಕ್ಕೇ ಹೆದರಿಕೆ ನನಗೆ. ಆಗ ಹೊಳೆಯಿತು, ಕಾರ್ಡು ಕೆಟ್ಟಿಲ್ಲ, ಏಳುವುದು ನಿಧಾನ ಅಷ್ಟೇ, ಅದು ಕಣ್ಣು ಬಿಡುವಷ್ಟರಲ್ಲಿ ಕಂಪ್ಯೂಟರು ಕೇಳಿ ದಾಟಿಹೋಗಿರುತ್ತದೆ, ಕರೆಂಟು ತೆಗೆಯದೆ ರೀಸ್ಟಾರ್ಟ್ ಕೊಟ್ಟರೆ ಕಾರ್ಡು ಎದ್ದೇ ಇರುತ್ತದೆ, ಕೇಳಿದ ಕೂಡಲೇ ಹೇಳುತ್ತದೆ — ಒತ್ತಿದೆ, ಪರದೆ ಕಪ್ಪಾಯಿತು, ಬೆಳಗಿತು, ಯಾರಿದ್ದೀರಿ, ಬಂತು, ಬಂತ್ ಕಣೋ ಗುರು, ಅನಂತರಾಜು ಬೆನ್ನು ತಟ್ಟುತ್ತಾನೆ, ಯಂತ್ರದ ತಲೆ ನವಿಲಿನತ್ತ ಸರಿಯುತ್ತದೆ, ನಾನು ಫೋನ್ ಕಿವಿಗಿಟ್ಟಿದ್ದೇನೆ, ಅಮ್ಮನ್ನ ಕರ್ಕೊಂಡ್ ಬಾ ಅನ್ನಬೇಕು, ಎತ್ತುತ್ತಿಲ್ಲ, ಇನ್ನೊಂದು ಸಲ, ಎತ್ತುತ್ತಿಲ್ಲ, ಓ, ಎಂದೆ, ಜೋರಾಗಿ, ಯಾರಿಗ್ ಗುರು ಓ ಅಂತೀಯ, ಯಾರಿಗೆ, ಗೇಟಿಗೆ, ಬೆಳಗ್ಗೆ ಕೂಗಿದ ಮೇಲೂ ಅವಳು ನಿಂತಿದ್ದಳು, ನಾನು ಕಿಟಕಿಯಿಂದ ನೋಡುತ್ತಲೇ ಇದ್ದೆ, ಎಡಗಾಲು ಹೊರಗೆ, ಬಲಗಾಲು ಒಳಗೆ, ಆ ಬಲಗಾಲು, ಇನ್ನೂ ಎತ್ತದೆ ಕಾಯುತ್ತಿದ್ದ ಆ ಬಲಗಾಲು.