ಹಿಟ್ಟಿನ ದೊಣ್ಣೆ ತೂರದ ವಾಲ್ವ್

ಬಂಡೀಪುರದ ದಾರಿಯಲ್ಲಿರುವ ನಮ್ಮೂರಿಗೆ ನಾನೇ ನೀರುಗಂಟಿ. ಒಂಬತ್ತು ವರ್ಷದಿಂದ ಟ್ಯಾಂಕಿನ ಕೆಳಗಿನ ಎರಡು ವಾಲ್ವ್ ತಿರುಗಿಸುತ್ತಿದ್ದೇನೆ. ಮೇಲಿನ ಬೀದಿಗೊಂದು, ನಮ್ಮ ಕೆಳಗಿನ ಬೀದಿಗೊಂದು. ಎರಡಕ್ಕೂ ಒಂದೊಂದು ಗಂಟೆ, ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಂಥವಳನ್ನು ಕಳ್ಳಿ ಎಂದರೆ ಮೈ ಉರಿಯದೆ ಇರುತ್ತದೆಯೇ?

ಮೇಲಿನ ಬೀದಿಯ ವಾಲ್ವ್ ಸೋರುತ್ತಿತ್ತೆಂದು ಪಂಚಾಯಿತಿ ಮೆಂಬರ್ ಪುಟ್ಟಬಸಪ್ಪನವರು ಹೊಸದು ಹಾಕಿಸಿದರು. ಅಂದಿನಿಂದ ಆ ಬೀದಿಯ ಕೊನೆಯ ನಾಲ್ಕು ಮನೆಗಳಿಗೆ ನೀರು ಹತ್ತಲಿಲ್ಲ. ಕೊನೆಮನೆಯ ದೊಡ್ಡಮಲ್ಲಮ್ಮ ದಿನಾ ಬೆಳಿಗ್ಗೆ ಖಾಲಿ ಡ್ರಮ್ ಬಡಿದು, "ಆ ನೀಲಾವತಿ ಪೂರ್ತಿ ತಿರುಗ್ಸಾಕಿಲ್ಲ. ಕಳ್ಳಿ, ಅವಳ ಬೀದಿಗೇ ಬುಟ್ಕೊತಾಳೆ" ಎನ್ನುತ್ತಿದ್ದಳು. ಹದಿನೇಳನೆಯ ದಿನ ಪುಟ್ಟಬಸಪ್ಪನವರು ಅವಳ ಬಾಯಿ ಮುಚ್ಚಿಸಿ ತೀರ್ಮಾನ ಹೇಳಿದರು: ಸೋಮವಾರ ನಾನು ಮಾದಪ್ಪನ ಗುಡಿಯ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡಬೇಕು, ಇಲ್ಲವೇ ಕೆಲಸ ಬಿಡಬೇಕು.

ಆಣೆ ಮಾಡಲು ನನಗೇನೂ ಭಯವಿರಲಿಲ್ಲ. ಆದರೆ ಆಮೇಲೂ ನೀರು ಬರದಿದ್ದರೆ ಸುಳ್ಳಾಣೆ ಮಾಡಿದಳು ಎನ್ನುತ್ತಾರೆ. ಹಿಡಿಯಂತೂ ಪೂರ್ತಿ ತಿರುಗುತ್ತಿತ್ತು, ಹಾಗಾದರೆ ನೀರಿಗೆ ತಡೆ ಎಲ್ಲಿ? ಶನಿವಾರ ಬಸ್ಸು ಹತ್ತಿ ಗುಂಡ್ಲುಪೇಟೆಗೆ ಹೋದೆ. ಪೈಪಿನ ಅಂಗಡಿಯ ಶಾಂತರಾಜು ಎರಡು ವಾಲ್ವ್ ತಂದು ಮುಂದಿಟ್ಟ. ಎರಡರ ಮೇಲೂ ಎರಡಿಂಚು ಎಂದೇ ಇತ್ತು.

"ಒಳಗೆ ನೋಡಕ್ಕ," ಎಂದ. "ಇದು ಫುಲ್ ಬೋರ್, ಪೈಪಿನಷ್ಟೇ ತೂತು. ಆ ಇನ್ನೊಂದ್ರೊಳಗಿನ ತೂತು ಒಂದೂಕಾಲಿಂಚು. ನೀನು ಎಷ್ಟ್ ತಿರುಗ್ಸಿದ್ರೂ ಅಷ್ಟೇಯ."

ನೀರು ಹತ್ತದಿದ್ದರೆ ವಾಪಸ್ ತರುತ್ತೇನೆಂದು ಹೇಳಿ ಫುಲ್ ಬೋರನ್ನು ಎತ್ತಿಕೊಂಡು ಬಂದೆ.

ಸೋಮವಾರ ಗುಡಿಯ ಮುಂದೆ ಊರೇ ಸೇರಿತ್ತು. ಕರ್ಪೂರದ ಪೊಟ್ಟಣ ದೊಡ್ಡಮಲ್ಲಮ್ಮನ ಕೈಯಲ್ಲಿತ್ತು. ನನ್ನ ಕೈಯಲ್ಲಿ ಸ್ಪ್ಯಾನರ್, ಹೊಸ ವಾಲ್ವ್, ಮನೆಯ ಹಿಟ್ಟಿನ ದೊಣ್ಣೆ.

"ಆಣೆ ಮಾಡಾಕಿಲ್ಲ. ವಾಲ್ವ್ ಬಿಚ್ತೀನಿ, ಎಲ್ರೂ ಟ್ಯಾಂಕ್ ತವ್ಕೆ ಬನ್ನಿ," ಎಂದೆ.

"ದೇವ್ರಿಗಿಂತ ವಾಲ್ವ್ ದೊಡ್ಡದಾ?" ಎಂದರು ಪುಟ್ಟಬಸಪ್ಪ.

"ದೇವ್ರಿಗೆ ಗೊತ್ತದೆ ಬುಡಿ ಯಜಮಾನ್ರೇ. ಗೊತ್ತಿಲ್ದೆ ಇರೋರು ನೀವು."

ಟ್ಯಾಂಕಿನ ಮೇನ್ ಮುಚ್ಚಿ ಮೇಲಿನ ಬೀದಿಯ ವಾಲ್ವ್ ಬಿಚ್ಚಿದೆ. ಮುದ್ದೆ ತಿರುವುವ ಆ ದೊಣ್ಣೆ ಪೈಪಿನೊಳಗೆ ಸಲೀಸಾಗಿ ಹೋಯಿತು. ಪೂರ್ತಿ ತೆರೆದಿದ್ದ ವಾಲ್ವಿನ ಒಳಕ್ಕೆ ಮಾತ್ರ ಹೋಗಲಿಲ್ಲ. ಪುಟ್ಟಬಸಪ್ಪನವರು ತಾವೇ ತಳ್ಳಿ ನೋಡಿದರು, ದೊಣ್ಣೆ ತಿರುಗಿಸಿ ಇನ್ನೊಮ್ಮೆ ತಳ್ಳಿದರು. ಆಮೇಲೆ ದೊಣ್ಣೆಯನ್ನು ನನ್ನ ಕೈಗೆ ಕೊಟ್ಟರು.

ಹೊಸದನ್ನು ಕೂರಿಸಿ ನೀರು ಬಿಟ್ಟೆ. ಕೊನೆಮನೆಯತ್ತ ನಡೆದೆ, ಊರೆಲ್ಲ ಹಿಂದೆ ಬಂತು. ನಲ್ಲಿ ಮೊದಲು ಬರೀ ಗಾಳಿ ಉಗುಳಿತು, ಆಮೇಲೆ ನೀರು ಸುರಿಯಿತು. ಡ್ರಮ್ ತುಂಬಿ ಚೆಲ್ಲುವವರೆಗೂ ನಾನು ಕದಲಲಿಲ್ಲ.

"ಬಾಯ್ ತಪ್ಪಿ ಅಂದ್ಬುಟ್ಟೆ ಕಣಮ್ಮಿ," ಎಂದಳು ದೊಡ್ಡಮಲ್ಲಮ್ಮ.

"ಬಾಯಿ ಒಂದ್ಸಲ ತಪ್ತದೆ ಕಣವ್ವಾ. ನೀವು ಹದಿನೇಳು ದಿನ ಅಂದ್ರಿ."

ಅವಳು ಕರ್ಪೂರದ ಪೊಟ್ಟಣವನ್ನು ನನ್ನ ಕೈಗಿಡಲು ಬಂದಳು. ನಾನು ಮುಟ್ಟಲಿಲ್ಲ.

"ನೀವೇ ಓಗಿ ಹಚ್ಚಿ. ನೀಲಾವತಿ ಕಳ್ಳಿ ಅಲ್ಲ ಅಂತ ಅಷ್ಟೇ ದಿನ ಹೇಳಿ," ಎಂದೆ.

ಮರುದಿನ ಬೆಳಿಗ್ಗೆ ನಾನು ಟ್ಯಾಂಕಿಗೆ ಹೋಗುವಾಗ ಅವಳು ಗುಡಿಯ ಮುಂದೆ ನಿಂತು, ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಹದಿನೇಳು ದಿನವೂ ಹೇಳಿದಳು. ನಾನು ಎಣಿಸಿದೆ.