ಶನಿವಾರದ ಸೂಜಿ

ಕಾರ್ಖಾನೆಯ ಶೌಚಾಲಯದ ಗೋಡೆಯಲ್ಲಿದ್ದ ನಲ್ಲಿ ಪೈಪು ಕಿತ್ತು ಕಸ್ತೂರೆವ್ವನ ಕೈಗೆ ಬಂತು. ಅದನ್ನು ಹಿಡಿದುಕೊಂಡೇ ಅವಳು ದಿನಾ ಏಳುತ್ತಿದ್ದಳು. ಕುಕ್ಕರುಗಾಲಲ್ಲಿ ಕೂತರೆ ಮೊಣಕಾಲು ಮತ್ತೆ ನೆಟ್ಟಗಾಗಲು ಕೇಳುತ್ತಿರಲಿಲ್ಲ. ನೀರು ಚಿಮ್ಮಿತು. ಅವಳು ಗೋಡೆಗೆ ತಾಗಿ ಜಾರಿ ಬಿದ್ದಳು. ಹೊರಗೆ ಕಾಯುತ್ತಿದ್ದ ಶಶಿಕಲಾ ಒಳಗೆ ನುಗ್ಗಿ, ಕಂಕುಳಿಗೆ ಕೈಹಾಕಿ ಎತ್ತಿ, ಒದ್ದೆ ಸೀರೆ ಸರಿಮಾಡಿದಳು.

"ಯಾರಿಗೂ ಹೇಳಬ್ಯಾಡ ಶಶಿ," ಎಂದಳು ಕಸ್ತೂರೆವ್ವ.

ಮುಚ್ಚಿಡೋಣವೆಂದರೆ ನೀರು ಆಗಲೇ ಹೊರಗೆ ಹರಿದಿತ್ತು.

ಸುಂಕದಕಟ್ಟೆಯ ಆ ಗಾರ್ಮೆಂಟ್ಸ್‌ನಲ್ಲಿ ಇಬ್ಬರೂ ಫಿನಿಶಿಂಗ್ ವಿಭಾಗದವರು. ಹೊಲಿದು ಬಂದ ಅಂಗಿಗಳನ್ನು ಮೇಜಿನ ಮೇಲೆ ಹರವಿ ಕಾಲರು, ಗುಂಡಿ, ಹೊಲಿಗೆ ನೋಡಬೇಕು. ಹೆಚ್ಚಿನ ದಾರ ಕತ್ತರಿಸಬೇಕು. ಬೆಳಗಿನ ಸೈರನ್ನಿನಿಂದ ಸಂಜೆಯವರೆಗೆ ನಿಂತೇ ಕೆಲಸ. ಕೂತರೆ ನಿದ್ದೆ ಬರುತ್ತದೆ, ಕಣ್ಣು ತಪ್ಪುತ್ತದೆ ಎಂಬುದು ಕಂಪನಿಯ ಮಾತು. ಶೌಚಾಲಯಕ್ಕೆ ಹೋಗುವ ಭಯಕ್ಕೆ ಕಸ್ತೂರೆವ್ವ ಹಗಲು ನೀರು ಕುಡಿಯುವುದನ್ನೇ ಬಿಟ್ಟಿದ್ದಳು.

ಸೂಪರ್‌ವೈಸರ್ ಸುಬ್ರಮಣಿ ಬಂದ. "ಏನಮ್ಮ, ಪೈಪ್ ಕಿತ್ತಾಕಿದೀರಂತೆ?"

"ಮೊಣಕಾಲು ಹಿಡ್ಕೊಂಡಾವ್ರಿ ಸರ. ಒಂದು ಸ್ಟೂಲ್ ಕೊಟ್ರ ಕುಂತು ಮಾಡ್ತೀನ್ರಿ."

"ನಿಮಗೆ ಕೊಟ್ರೆ ಎಲ್ರೂ ಕೇಳ್ತಾರೆ. ಶನಿವಾರ ಡಾಕ್ಟರ್ ಬರ್ತಾರಲ್ಲ, ತೋರಿಸ್ಕೊಳಿ. ಒಂದು ಇಂಜೆಕ್ಷನ್ ಹಾಕ್ತಾರೆ, ಆರಾಮಾಗಿ ಓಡಾಡ್ಬೋದು."

ಕಂಪನಿ ಗೊತ್ತುಮಾಡಿದ್ದ ಡಾಕ್ಟರು ಸುಧೀಂದ್ರ ಮೆದು ಮಾತಿನ ಮನುಷ್ಯ. ಮೊಣಕಾಲನ್ನು ಒತ್ತಿ ನೋಡಿ, ಸ್ಪಿರಿಟ್ಟಿನಿಂದ ಒರೆಸಿ, ಕೀಲಿನೊಳಕ್ಕೇ ಸೂಜಿ ಚುಚ್ಚಿದರು. ಎರಡು ದಿನಕ್ಕೆ ನೋವು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಶ್ರೀಗಂಧದ ಕಾವಲಿನ ಬಾಡಿಗೆ ಕೋಣೆಗೆ ಗೋಡೆ ಹಿಡಿಯದೆ ಮೆಟ್ಟಿಲು ಹತ್ತಿದಳು. ವಾಚ್‌ಮನ್ ಕೆಲಸಕ್ಕೆ ಹೊರಟಿದ್ದ ಗಂಡ ದೇವೇಂದ್ರಪ್ಪ ನಿಂತು ನೋಡಿದ.

"ಏನ ಇದು, ಹೊಸ ಮದುಮಗಳು ಹತ್ತಿದಂಗ ಹತ್ತಾಕತ್ತಿ?"

"ಡಾಕ್ಟರು ದೇವರಂಥಾವ್ರು," ಎಂದಳು. ಮುಂದಿನ ಶನಿವಾರ ಅವರಿಗಾಗಿ ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋದಳು.

ನೋವು ಮರಳಿ ಬಂತು. ಮರಳಿ ಸೂಜಿ. ಶಶಿಕಲಾಗೂ ಸೂಜಿ, ಇಸ್ತ್ರಿ ಮಾಡುವವರಿಗೂ ಸೂಜಿ. ಬರಬರುತ್ತ ಮಾಲು ಕಳಿಸುವ ಶಿಪ್‌ಮೆಂಟ್ ದಿನ ಹತ್ತಿರ ಬಂದಾಗಲೆಲ್ಲ ಸುಬ್ರಮಣಿಯೇ ಕೂಗುತ್ತಿದ್ದ: "ಮಂಡಿ ನೋವಿರೋರೆಲ್ಲ ಲೈನಲ್ಲಿ ಬನ್ನಿ, ಬೇಗ." ಚುಚ್ಚಿಸಿಕೊಂಡವರು ಹಾಗೇ ಬಂದು ಮೇಜಿನ ಮುಂದೆ ನಿಲ್ಲುತ್ತಿದ್ದರು.

ಮಾಗಡಿ ರಸ್ತೆಯಲ್ಲಿ ಒಂದು ಬೆಳಿಗ್ಗೆ ಬಸ್ಸಿಳಿಯುವಾಗ ಕಸ್ತೂರೆವ್ವನ ಬಲಗಾಲು ಅವಳ ಭಾರ ತಡೆಯಲಿಲ್ಲ. ಮಂಡಿ ಪಕ್ಕಕ್ಕೆ ವಾಲಿತು. ಬುತ್ತಿ ಡಬ್ಬಿಯ ಸಮೇತ ರಸ್ತೆಗೆ ಬಿದ್ದಳು. ರಾತ್ರಿ ಪಾಳಿ ಮುಗಿಸಿ ಬಂದ ದೇವೇಂದ್ರಪ್ಪ ಆಟೋದಲ್ಲಿ ದೊಡ್ಡಾಸ್ಪತ್ರೆಗೆ ಕರೆದೊಯ್ದ. ಮಧ್ಯಾಹ್ನ ಸರದಿ ಬಂತು. ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಕೇಳಿದರು.

"ಇದಕ್ ಮೊದ್ಲು ಮಂಡಿಗೆ ಸೂಜಿ ಹಾಕಿಸ್ಕೊಂಡಿದ್ರಾ?"

"ಹೂನ್ರಿ, ಭಾಳ ಸಲ."

"ಹಾಕಿಸ್ಕೊಂಡು ರೆಸ್ಟ್ ತಗೊಂಡ್ರಾ?"

"ಇಲ್ರಿ. ಹಾಕಿಸ್ಕೊಂಡ ಕೂಡ್ಲೆ ಡ್ಯೂಟಿಗೆ ನಿಲ್ತಿದ್ವಿ."

ಡಾಕ್ಟರಮ್ಮ ಎಕ್ಸ್‌ರೇಯನ್ನು ಅವಳ ಕಡೆ ತಿರುಗಿಸಿದರು. "ಆ ಸೂಜಿ ನೋವು ಅಡಗಿಸತ್ತೆ ಅಷ್ಟೇ, ಮಂಡೀನ ಗುಣ ಮಾಡಲ್ಲ. ಯಾವಾಗ್ಲೋ ಒಂದ್ಸಲ ಹಾಕಿ, ಕಾಲಿಗೆ ಬಿಡುವು ಕೊಟ್ಟು, ವ್ಯಾಯಾಮ ಮಾಡಿಸ್ಬೇಕು. ಪದೇ ಪದೇ ಹಾಕಿ ಕೂಡ್ಲೆ ಕೆಲಸಕ್ಕೆ ನಿಲ್ಲಿಸಿದ್ರೆ ಒಳಗಿನ ಮೆತ್ತೆ ಸವೆದು ಹೋಗತ್ತೆ. ನಿಮಗೆ ಮೂಳೆಗೆ ಮೂಳೆ ಉಜ್ತಾ ಇದೆ ಅಮ್ಮ."

"ಈಗ ಏನ್ ಮಾಡಬೇಕ್ರಿ?"

"ಕೀಲು ಬದಲಾಯಿಸ್ಬೇಕು. ಕಾಯಬೇಕಾಗತ್ತೆ, ನಿಮಗಿಂತ ಮುಂದೆ ತುಂಬಾ ಜನ ಇದಾರೆ. ಅಲ್ಲೀವರ್ಗೂ ಕೂತು ಮಾಡೋ ಕೆಲಸ ನೋಡ್ಕೊಳಿ."

ಆ ಶನಿವಾರ ಕಸ್ತೂರೆವ್ವ ಕೋಲೂರಿಕೊಂಡು ಕಾರ್ಖಾನೆಗೆ ಹೋದಳು. ಡಾಕ್ಟರ ಕೋಣೆಯ ಮುಂದೆ ಹೆಂಗಸರು ನೆಲದ ಮೇಲೆ ಕಾಲು ಚಾಚಿ ಸಾಲಾಗಿ ಕೂತಿದ್ದರು. ಮಂಗಳವಾರ ಶಿಪ್‌ಮೆಂಟ್ ಇತ್ತು. ಸುಬ್ರಮಣಿ ಬಾಗಿಲಲ್ಲೇ ಇದ್ದ.

"ನನಗ ಕುಂತು ಮಾಡೂ ಕೆಲಸ ಕೊಡ್ರಿ ಸರ. ನಿಮ್ಮ ಸೂಜೀಲೆ ಕಾಲು ಹೋಗೇತಿ."

"ನಮ್ಮ ಸೂಜಿನಾ? ನಿಮ್ಮನ್ನ ಯಾರಾದ್ರೂ ಹಿಡ್ಕೊಂಡು ಚುಚ್ಚಿದ್ರಾ? ನೀವೇ ತಾನೇ ಕೇಳಿ ಕೇಳಿ ಹಾಕಿಸ್ಕೊಂಡಿದ್ದು?"

ಕೇಳಿದ್ದು ನಿಜ. ಕೈಮುಗಿದು ಕೇಳಿದ್ದಳು. ಹೋಳಿಗೆ ಕೊಟ್ಟಿದ್ದಳು. ಸುಬ್ರಮಣಿಯನ್ನು ದಾಟಿ ಒಳಗೆ ಹೋದಳು.

"ಡಾಕ್ಟರ, ಸೂಜಿ ಹಾಕಿದ ಮ್ಯಾಲೆ ನಿಲ್ಲಬಾರದು ಅಂತ ನಿಮಗ ಗೊತ್ತಿತ್ತೇನ್ರಿ?"

ಸುಧೀಂದ್ರ ಕೈಯಲ್ಲಿದ್ದ ಹತ್ತಿ ಕೆಳಗಿಟ್ಟರು. ಅವರು ಸುಳ್ಳು ಹೇಳಲಿಲ್ಲ. "ನಾನು ಹೇಳಿದ್ನಮ್ಮ. ರೆಸ್ಟ್ ಕೊಡಿ, ಪದೇ ಪದೇ ಹಾಕೋದು ಬೇಡ ಅಂತ ಸುಬ್ರಮಣಿಯವರಿಗೆ ಹೇಳಿದ್ದೆ."

"ಕಾಲು ನಂದ್ರಿ. ಅವರಿಗೆ ಯಾಕ ಹೇಳಿದ್ರಿ?"

ಹೊರಗೆ ಕೂತವರಿಗೆಲ್ಲ ಈ ಮಾತು ಕೇಳಿಸಿತ್ತು. ಸಾಲಿನ ಮೊದಲಿಗೆ ಕೂತಿದ್ದ ಶಶಿಕಲಾ ಮಂಡಿಯವರೆಗೆ ಎತ್ತಿದ್ದ ಸೀರೆಯನ್ನು ಕೆಳಗೆ ಎಳೆದುಕೊಂಡಳು.

"ಬಾಮ್ಮ, ನಿಂದೇ ಫಸ್ಟು," ಎಂದ ಸುಬ್ರಮಣಿ.

"ನಂಗ್ ಬೇಡ ಸಾರ್."

"ಏನ್ ಬೇಡ? ಮಂಗಳವಾರ ಮಾಲು ಹೋಗ್ಬೇಕು."

"ಸೂಜಿ ಬೇಡ. ಸ್ಟೂಲ್ ಕೊಡಿ."

ಅವಳ ಹಿಂದಿದ್ದವಳು ಸಾಲು ಬಿಟ್ಟು ಎದ್ದಳು. ಅವಳ ಹಿಂದಿದ್ದವಳೂ ಎದ್ದಳು. ಒಬ್ಬರನ್ನೊಬ್ಬರು ಹಿಡಿದುಕೊಂಡು, ನರಳಿಕೊಂಡು ಎಲ್ಲರೂ ಎದ್ದರು. ಫಿನಿಶಿಂಗ್ ಹಾಲಿಗೆ ಹೋಗಿ ತಮ್ಮ ತಮ್ಮ ಮೇಜಿನ ಪಕ್ಕದಲ್ಲಿ ನೆಲದ ಮೇಲೆ ಕೂತರು. ಅಂಗಿಗಳನ್ನು ಮೇಜಿನಿಂದ ತೊಡೆಗೆ ಎಳೆದುಕೊಂಡು ದಾರ ಕತ್ತರಿಸತೊಡಗಿದರು.

ಕಸ್ತೂರೆವ್ವನಿಗೆ ನೆಲದ ಮೇಲೆ ಕೂರಲಾಗಲಿಲ್ಲ. ಅಷ್ಟು ಜನರ ನಡುವೆ ಅವಳೊಬ್ಬಳೇ ಕೋಲು ಹಿಡಿದು ನಿಂತಿದ್ದಳು. ಶಶಿಕಲಾ ಗೋಡೆಯ ಹತ್ತಿರ ಜೋಡಿಸಿಟ್ಟಿದ್ದ ಶಿಪ್‌ಮೆಂಟ್ ಪೆಟ್ಟಿಗೆಗಳಲ್ಲಿ ಒಂದನ್ನು ದರದರ ಎಳೆದು ತಂದಳು.

"ಕೂತ್ಕೊ ಅಕ್ಕ."

"ಅದ್ರ ಮೇಲೆ ಕೂರ್ಬೇಡಿ, ಪ್ಯಾಕ್ ಆಗಿರೋ ಮಾಲು," ಎಂದು ಸುಬ್ರಮಣಿ ಓಡಿಬಂದ.

ಕಸ್ತೂರೆವ್ವ ಕೂತಳು. ರಟ್ಟು ಒಂದಿಷ್ಟು ತಗ್ಗಿತು, ಆಮೇಲೆ ಗಟ್ಟಿಯಾಗಿ ನಿಂತಿತು. ಬಲಗಾಲನ್ನು ಎರಡೂ ಕೈಯಿಂದ ಎತ್ತಿ ಮುಂದಕ್ಕೆ ಚಾಚಿಕೊಂಡಳು.

"ಒಂದು ಅಂಗಿ ಈ ಕಡಿ ಕೊಡ ಶಶಿ."

ಸುಬ್ರಮಣಿ ಮಾಲೀಕರಿಗೆ ಫೋನು ಹಚ್ಚಿದ. ಆ ಕಡೆಯಿಂದ ಬಂದ ಕೂಗು ಪಕ್ಕದವರಿಗೂ ಕೇಳುತ್ತಿತ್ತು. ಕಿವಿಯಿಂದ ಫೋನು ತೆಗೆದವನೇ ಬೆರಳು ತೋರಿಸಿ ಹೇಳಿದ.

"ಕಸ್ತೂರೆವ್ವ, ನಾಳೆಯಿಂದ ನೀವು ಬರೋದ್ ಬೇಡ."

ಅವಳು ಕಾಲರಿನ ಹೊಲಿಗೆಯಿಂದ ಕಣ್ಣೆತ್ತಲಿಲ್ಲ.

"ನಾಳಿ ಐತವಾರ ಐತ್ರಿ. ಸ್ವಾಮಾರ ಬರ್ತೀನಿ."